ನೆಗ್ಗಿಲು: ವರವು ಕಾವಲ್ ಸೀಮೆಯ ಮುಳ್ಳುಕಾಯಿ, ಚೀನೀ ವೈದ್ಯದ ‘ಜಿಲಿ’ – ಆಯ್ಕೆ ಮತ್ತು ಬಳಕೆಯ ತೌಲನಿಕ ವಿಚಾರ

ಪೀಠಿಕೆ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಮಳೆ ಬಿದ್ದ ಕೆಲವೇ ವಾರಗಳಲ್ಲಿ ನೆಗ್ಗಿಲು ನೆಲಕ್ಕೆ ಹಬ್ಬುತ್ತದೆ. ಹೊಲದ ಬದು, ಬಂಡಿದಾರಿ, ಕುರಿಹಟ್ಟಿಯ ಸುತ್ತ ತುಳಿದು ಸವೆದ ನೆಲ ಇದಕ್ಕೆ ಒಗ್ಗುವ ಜಾಗಗಳು. ಆಯುರ್ವೇದ ಇದನ್ನು ಗೋಕ್ಷುರವೆಂದು ಕರೆಯಿತು. ಚೀನೀ ವೈದ್ಯದಲ್ಲಿ ಇದೇ ಕಾಯಿ ‘ಜಿಲಿ’. ‘ಷೆನ್‌ನಾಂಗ್ ಬೆನ್‌ಸಾವ್ ಜಿಂಗ್’ ಎಂಬ ಪ್ರಾಚೀನ ಸಂಗ್ರಹದ 365 ದ್ರವ್ಯಗಳ ಸಾಲಿನಲ್ಲಿ ಅದಕ್ಕೂ ಸ್ಥಾನವಿದೆ. ಸಸ್ಯಶಾಸ್ತ್ರದಲ್ಲಿ ಇದು ಟ್ರಿಬ್ಯುಲಸ್ ಟೆರೆಸ್ಟ್ರಿಸ್. 1753ರಲ್ಲಿ ಲಿನೇಯಸ್ ಇಟ್ಟ ಹೆಸರು.

ಗಿಡ ಒಂದೇ ಆದರೂ ಎರಡು ವೈದ್ಯಪದ್ಧತಿಗಳು ಅದನ್ನು ಬೇರೆ ಬೇರೆ ರೋಗಗಳಿಗೆ ಬಳಸುತ್ತ ಬಂದಿವೆ. ಮೂಲಿಕೆಯ ಗುಣವನ್ನು ಅದರ ಹೆಸರಿನಿಂದಷ್ಟೇ ನಿರ್ಣಯಿಸಲಾಗದು. ಯಾವ ಗಿಡ, ಯಾವ ಭಾಗ, ಯಾವ ಸಂಸ್ಕಾರ, ಎಷ್ಟು ಪ್ರಮಾಣ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಅದು ಔಷಧವಾಗುತ್ತದೆ. ಈ ಲೇಖನದ ಪ್ರತಿಪಾದನೆ ಇದು.

ನೆಲೆ

ಈ ಸೀಮೆಯ ವರವು ಕಾವಲ್ ಮೈಸೂರು ಅರಸರ ಕಾಲದಿಂದ ಬಂದ ಅಮೃತ್ ಮಹಲ್ ಕಾವಲುಗಳಲ್ಲೊಂದು. ಸೈನ್ಯದ ಸಾಗಾಟಕ್ಕೆ ಬೇಕಾದ ಎತ್ತುಗಳ ತಳಿಗೆ ಮೀಸಲಿಟ್ಟ ಈ ಹುಲ್ಲುಗಾವಲುಗಳು ಕಾಲಕ್ರಮದಲ್ಲಿ ಸುತ್ತಲ ಹಳ್ಳಿಗಳ ಕುರಿ, ದನಗಳಿಗೂ ಆಸರೆಯಾದವು. ಕಾವಲಿನ 4,290 ಎಕರೆಯನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಕೊಡಲಾಯಿತು. 2017ರ ಮೇ ತಿಂಗಳಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಬೇಲಿ ಬಿದ್ದ ಕಡೆ ಮೇವಿನ ಜೊತೆಗೆ ಆ ನೆಲದ ಗಿಡಗಳ ಒಡನಾಟವೂ ತಪ್ಪುತ್ತದೆ. ನೆಗ್ಗಿಲಿನ ಮಟ್ಟಿಗೆ ಗಿಡ ಅಳಿಯುವ ಭಯವಿಲ್ಲ. ಅದರ ಮುಳ್ಳು ಕುರಿಯ ಗೊರಸು, ತುಪ್ಪಟ, ಗಾಡಿಯ ಟೈರುಗಳಿಗೆ ಚುಚ್ಚಿಕೊಂಡು ದಾರಿಯುದ್ದಕ್ಕೂ ಬೀಜ ಹರಡುತ್ತದೆ. ಅಳಿಯಬಹುದಾದದ್ದು ಅದನ್ನು ಗುರುತಿಸುವ ಬಲ್ಲತನ.

ಗುರುತು

ಗ್ರಂಥಿಗೆ ಅಂಗಡಿಯಲ್ಲಿ ನೆಗ್ಗಿಲು ಕೇಳಿದರೆ ಎರಡು ಬೇರೆ ಕಾಯಿಗಳಲ್ಲಿ ಯಾವುದಾದರೂ ಸಿಗಬಹುದು. ಒಂದು ಸಣ್ಣ ನೆಗ್ಗಿಲು, ಇನ್ನೊಂದು ಆನೆ ನೆಗ್ಗಿಲು. ಮೊಳಕಾಲ್ಮುರಿನ ಗಡಿಯಾಚೆ ತೆಲುಗಿನವರು ಇವನ್ನು ಪಲ್ಲೇರು, ಏನುಗ ಪಲ್ಲೇರು ಎನ್ನುತ್ತಾರೆ. ಸಣ್ಣ ನೆಗ್ಗಿಲು ನೆಲಕ್ಕಂಟಿ ಹರಿಯುವ ಬಳ್ಳಿ. ಎಲೆಗಳು ಜೋಡಿ ಜೋಡಿ ಕಿರುದಳಗಳಿಂದ ಕೂಡಿವೆ, ಹೂವಿಗೆ ಐದು ಹಳದಿ ಎಸಳು. ಕಾಯಿ ಒಣಗಿದಾಗ ಐದು ಹೋಳಾಗಿ ಬಿಡಿಸಿಕೊಳ್ಳುತ್ತದೆ. ಒಂದು ಹೋಳನ್ನು ಅಂಗೈಯಲ್ಲಿಟ್ಟು ನೋಡಿದರೆ ಎರಡು ಉದ್ದ, ಎರಡು ಗಿಡ್ಡ ಮುಳ್ಳುಗಳು ಕಾಣುತ್ತವೆ. ಆನೆ ನೆಗ್ಗಿಲು (ಪೆಡೇಲಿಯಂ ಮ್ಯೂರೆಕ್ಸ್) ಬೇರೆಯೇ ಕುಟುಂಬದ ರಸಭರಿತ ಗಿಡ. ಅದರ ಕಾಯಿ ನಾಲ್ಕು ಮೂಲೆಯದು, ಮೂಲೆಗೊಂದು ಮುಳ್ಳು, ಒಣಗಿದರೂ ಹೋಳಾಗದು. ಅದರ ಹಸಿ ಕೊಂಬೆಯನ್ನು ನೀರಿನಲ್ಲಿ ತಿರುವಿದರೆ ಕೆಲವೇ ಕ್ಷಣಗಳಲ್ಲಿ ನೀರು ಮೊಟ್ಟೆಯ ಬಿಳಿಯಂತೆ ಲೋಳೆಗಟ್ಟುತ್ತದೆ. ಪುಡಿ ಕೊಂಡವರಿಗೆ ಈ ಯಾವ ಗುರುತೂ ಉಳಿಯುವುದಿಲ್ಲ. ಆದ್ದರಿಂದ ಇಡೀ ಕಾಯಿಯನ್ನೇ ಕೊಳ್ಳುವುದು ಆಯ್ಕೆಯ ಮೊದಲ ನಿಯಮ.

ಚೀನಾದಲ್ಲೂ ಇಂಥದೇ ಜೋಡಿಯಿದೆ. ಮುಳ್ಳಿನ ಜಿಲಿಯೆಂದರೆ ನಮ್ಮ ಸಣ್ಣ ನೆಗ್ಗಿಲು. ಷಾಯುವಾನ್ ಜಿಲಿ ಎಂಬುದು ದ್ವಿದಳ ಕುಟುಂಬದ ಗಿಡವೊಂದರ ನುಣುಪಾದ, ಮೂತ್ರಪಿಂಡದ ಆಕಾರದ ಬೀಜ. ಮೊದಲನೆಯದು ಯಕೃತ್ತಿನ ದೋಷಕ್ಕೆ, ಎರಡನೆಯದು ಮೂತ್ರಪಿಂಡದ ಬಲವರ್ಧನೆಗೆ ಎಂದು ಅವರ ಶಾಸ್ತ್ರ ಸ್ಪಷ್ಟವಾಗಿ ಬೇರ್ಪಡಿಸಿದೆ.

ಎರಡು ಶಾಸ್ತ್ರ, ಎರಡು ಬಳಕೆ

ಚರಕಸಂಹಿತೆ ಗೋಕ್ಷುರವನ್ನು ಮೂತ್ರಕೃಚ್ಛ್ರ (ಕಷ್ಟದಿಂದ ಮೂತ್ರ ಹೋಗುವುದು) ಮತ್ತು ವಾತಗಳಿಗೆ ಶ್ರೇಷ್ಠವೆಂದು ಎಣಿಸುತ್ತದೆ. ದಶಮೂಲವೆಂಬ ಹತ್ತು ಬೇರುಗಳ ಕೂಟದಲ್ಲಿ ಇದೂ ಒಂದು. ಅಲ್ಲಿ ಬೇಕಾದದ್ದು ಬೇರು. ಮಾರುಕಟ್ಟೆಯಲ್ಲಿ ಆ ಜಾಗಕ್ಕೆ ಬಹುಮಟ್ಟಿಗೆ ಕಾಯಿ ಬಂದು ಕೂತಿದೆ. ಚೀನೀ ವೈದ್ಯರು ಮಾಗಿದ ಕಾಯಿಯನ್ನು ಶರತ್ಕಾಲದಲ್ಲಿ ಕೂಡಿಸಿ, ತಲೆನೋವು, ತಲೆಸುತ್ತು, ಕಣ್ಣು ಕೆಂಪಾಗುವುದು, ಚರ್ಮದ ತುರಿಕೆಗಳಿಗೆ ಕೊಡುತ್ತಾರೆ. ಒಂದು ಪರಂಪರೆ ಮೂತ್ರಮಾರ್ಗಕ್ಕೆ ಕೊಟ್ಟದ್ದನ್ನು ಇನ್ನೊಂದು ಕಣ್ಣು, ಚರ್ಮಗಳಿಗೆ ಕೊಟ್ಟಿದೆ. ಈ ಎರಡು ಗುಣಪಟ್ಟಿಗಳನ್ನು ಕಲಸಿ ಒಂದೇ ಲೇಬಲ್ಲಿನ ಮೇಲೆ ಅಚ್ಚು ಹಾಕಿದರೆ ಅದಕ್ಕೆ ಎರಡೂ ಶಾಸ್ತ್ರಗಳ ಬೆಂಬಲವಿಲ್ಲ.

ಸಂಸ್ಕಾರದಲ್ಲೂ ಭೇದವಿದೆ. ಚೀನೀ ಕ್ರಮದಲ್ಲಿ ಕಾಯಿಯನ್ನು ತುಸು ಹಳದಿಯಾಗುವವರೆಗೆ ಹುರಿದು ಮುಳ್ಳು ತೆಗೆಯುತ್ತಾರೆ. ಚೀನಾದ ಅಧಿಕೃತ ಔಷಧಕೋಶ ಇದನ್ನು ‘ಅಲ್ಪ ವಿಷ’ ಉಳ್ಳದ್ದೆಂದು ನಮೂದಿಸಿ, ಪ್ರಮಾಣವನ್ನು 6ರಿಂದ 10 ಗ್ರಾಂಗೆ ಮಿತಿಗೊಳಿಸಿದೆ. ಭಾರತದ ಆಯುರ್ವೇದ ಔಷಧಕೋಶದಲ್ಲಿ ಕಾಯಿಯ ಪುಡಿಗೆ 3ರಿಂದ 6 ಗ್ರಾಂ ಎಂದಿದೆ.

ಕುರಿ ಕಲಿಸುವ ಪಾಠ

ಕುರಿ ಸಾಕುವ ಈ ಸೀಮೆಗೆ ದಕ್ಷಿಣ ಆಫ್ರಿಕಾದ ಅನುಭವ ಹತ್ತಿರದ್ದು. ಅಲ್ಲಿನ ಕರೂ ಎಂಬ ಒಣಬಯಲಿನಲ್ಲಿ, ಮಳೆಯ ನಂತರ ಬಿಸಿಲಿಗೆ ಬಾಡಿದ ನೆಗ್ಗಿಲನ್ನು ಮೇದ ಕುರಿಗಳಿಗೆ ‘ಹೀಲ್ಡಿಕ್ಕಾಪ್’ ಎಂಬ ಬೇನೆ ಬರುತ್ತದೆ. ಗಿಡದ ಸಪೋನಿನ್‌ಗಳಿಂದ ಪಿತ್ತನಾಳಗಳಲ್ಲಿ ಹರಳು ಕಟ್ಟುತ್ತವೆ. ಪಿತ್ತದೊಡನೆ ಹೊರಹೋಗಬೇಕಾದ, ಪತ್ರಹರಿತ್ತು ಜೀರ್ಣವಾದಾಗ ಉಳಿಯುವ ವರ್ಣದ್ರವ್ಯವೊಂದು ರಕ್ತದಲ್ಲೇ ಉಳಿಯುತ್ತದೆ. ಬಿಸಿಲು ತಾಗಿದೊಡನೆ ಕಿವಿ, ತುಟಿ, ಮುಖ ಊದುತ್ತವೆ, ಕಾಮಾಲೆ ಕಾಣಿಸುತ್ತದೆ. ಔಷಧದ ಗಿಡ ಎಂದ ಮಾತ್ರಕ್ಕೆ ನಿರಪಾಯವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಮನುಷ್ಯರ ವಿಷಯದಲ್ಲೂ ಎಚ್ಚರಿಕೆಯಿದೆ. ಇರಾನಿನಲ್ಲಿ ಮೂತ್ರಪಿಂಡದಲ್ಲಿ ಕಲ್ಲು ಕಟ್ಟದಿರಲೆಂದು ದಿನಕ್ಕೆ 2 ಲೀಟರಿನಂತೆ ನೆಗ್ಗಿಲಿನ ನೀರು ಕುಡಿದ ಯುವಕನೊಬ್ಬನಿಗೆ ಎರಡು ದಿನದಲ್ಲಿ ಸೆಳವು ಬಂದು, ಯಕೃತ್ತು, ಮೂತ್ರಪಿಂಡಗಳಿಗೆ ಹಾನಿಯಾದ ಪ್ರಕರಣ 2010ರಲ್ಲಿ ವೈದ್ಯಪತ್ರಿಕೆಯಲ್ಲಿ ದಾಖಲಾಗಿದೆ.

ಜಿಮ್ಮಿನ ಕ್ಯಾಪ್ಸೂಲು

1980ರ ದಶಕದಲ್ಲಿ ಬಲ್ಗೇರಿಯಾದಿಂದ ಹೊರಟ ನೆಗ್ಗಿಲಿನ ಸಾರ ಇಂದು ಪುರುಷ ಹಾರ್ಮೋನು ಹೆಚ್ಚಿಸುವ ಕ್ಯಾಪ್ಸೂಲಾಗಿ ಜಿಮ್ಮುಗಳಿಗೆ ಬಂದಿದೆ. 2005ರಲ್ಲಿ ಬಲ್ಗೇರಿಯಾದ ಸಂಶೋಧಕರೇ 21 ಆರೋಗ್ಯವಂತ ಯುವಕರಲ್ಲಿ ಪರೀಕ್ಷಿಸಿದಾಗ ಟೆಸ್ಟೋಸ್ಟೆರಾನ್ ಮಟ್ಟ ಏರಲಿಲ್ಲ. 2007ರಲ್ಲಿ ರಗ್ಬಿ ಆಟಗಾರರು ದಿನಕ್ಕೆ 450 ಮಿಲಿಗ್ರಾಂನಂತೆ ಐದು ವಾರ ಸೇವಿಸಿದರೂ ಸ್ನಾಯುಬಲದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಪ್ರಯೋಗ ಒಪ್ಪದ ಗುಣಕ್ಕೆ ಜನ ಹಣ ತೆರುತ್ತಿದ್ದಾರೆ.

ಉಪಸಂಹಾರ

ಕೊಳ್ಳುವಾಗ ಐದು ಹೋಳಿನ ಇಡೀ ಕಾಯಿಯೇ ಬೇಕೆಂದು ಕೇಳಬೇಕು. ಹುಳು, ಬೂಷ್ಟು ಹಿಡಿದದ್ದನ್ನು ಬಿಡಬೇಕು. ಯಾವ ಪದ್ಧತಿಯ ವೈದ್ಯರು ಬರೆದರೋ ಆ ಪದ್ಧತಿಯ ಸಂಸ್ಕಾರ, ಪ್ರಮಾಣಗಳನ್ನೇ ಪಾಲಿಸಬೇಕು. ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಜೀವವೈವಿಧ್ಯ ಕಾಯ್ದೆ, 2002ರ ಅಡಿಯಲ್ಲಿ ಪಂಚಾಯಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕಿದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಪಂಚಾಯಿತಿಗಳು ಅದರಲ್ಲಿ ಸಣ್ಣ ನೆಗ್ಗಿಲು, ಆನೆ ನೆಗ್ಗಿಲುಗಳನ್ನು ಚಿತ್ರಸಹಿತ ಬೇರೆ ಬೇರೆಯಾಗಿ ದಾಖಲಿಸಲಿ; ಕುರಿಗಾಹಿಗಳನ್ನೂ ಹಳ್ಳಿಯ ನಾಟಿವೈದ್ಯರನ್ನೂ ಎದುರಿಗೆ ಕೂರಿಸಿಕೊಂಡೇ ಆ ಕೆಲಸ ಆಗಲಿ.