ನೀರು ಬಂದ ಊರು, ನೀರು ಬಾರದ ಊರು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಓಡಾಡಿದ್ದರೆ ನೀವು ಗಮನಿಸಿರುತ್ತೀರಿ: ನಾಲೆಯ ಕೆಳಗೆ ಬತ್ತ, ಕಬ್ಬು, ಮೇಲ್ಗಡೆ ರಾಗಿ, ಹುರುಳಿ. ನೆಲದ ಎತ್ತರ ಬೆಳೆಯನ್ನು ನಿರ್ಧರಿಸುತ್ತದೆ, ಸರಿ. ಮನುಷ್ಯನ ನಡತೆಯನ್ನೂ ನಿರ್ಧರಿಸುತ್ತದೆಯೆ?

ಕೃಷ್ಣರಾಜಸಾಗರದ ನೀರನ್ನು ಹುಲಿಕೆರೆಯ ಸುರಂಗದ ಮೂಲಕ ಈ ಸೀಮೆಗೆ ತಂದದ್ದು ಇರ್ವಿನ್ ನಾಲೆ. ಈಗ ಅದು ವಿಶ್ವೇಶ್ವರಯ್ಯ ನಾಲೆ. 1930ರ ದಶಕದಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಇದಾಗಿ ಇಪ್ಪತ್ತು ವರ್ಷಗಳ ಮೇಲೆ, 1954ರಲ್ಲಿ, ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯದ ಬಳಿಯ ಎರಡು ಹಳ್ಳಿಗಳ ಅಧ್ಯಯನಕ್ಕೆ ಬಂದರು. ನಾಜಿಗಳ ಕಾಲದಲ್ಲಿ ವಿಯೆನ್ನಾ ತೊರೆಯಬೇಕಾಗಿ ಬಂದಿದ್ದ ಯಹೂದಿ ಮಹಿಳೆ ಆಕೆ. 1962ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಈ ಹಳ್ಳಿಗಳ ಹೆಸರು ವಂಗಲ ಮತ್ತು ದಲೇನ.

ವಂಗಲಕ್ಕೆ ನೀರು ಬಂತು, ಹಣವೂ ಬಂತು. ಹಣದ ಹಿಂದೆ ಹೊಸ ರೀತಿನೀತಿ ಬರುತ್ತದೆಂದು ನಾವು ಎಣಿಸುತ್ತೇವೆ. ಬರಲಿಲ್ಲ. ಬೇಸಾಯ ಬೇಸಾಯವಾಗಿಯೇ ಉಳಿದು, ಆಳುಗಳ ಅಗತ್ಯ ಮಾತ್ರ ಹೆಚ್ಚಿತು. ಒಕ್ಕಲಿಗ ಮನೆಗಳಿಗೂ ಆದಿ ಕರ್ನಾಟಕ ‘ಹಳೆಮಕ್ಕಳಿ’ಗೂ ತಲೆಮಾರುಗಳಿಂದ ಇದ್ದ ಕಟ್ಟುಪಾಡು ಸಡಿಲವಾಗಲಿಲ್ಲ.

ದಲೇನದ ಹೊಲಗಳು ನಾಲೆಗಿಂತ ಎತ್ತರದಲ್ಲಿದ್ದವು. ನೀರು ಹತ್ತಲಿಲ್ಲ. ಬದಲಾದದ್ದು ಈ ಊರು! ಇಲ್ಲಿನವರು ಮಂಡ್ಯದಲ್ಲಿ ನೌಕರಿ ಹಿಡಿದರು, ಕಬ್ಬಿನ ಗಾಡಿ ಹೊಡೆದರು, ಹಿಟ್ಟಿನ ಗಿರಣಿ ಹಾಕಿದರು, ಪಕ್ಕದ ಊರುಗಳಲ್ಲಿ ತರಿ ಜಮೀನು ಕೊಂಡರು.

ಹಾಗಾದರೆ ದಲೇನದವರ ಸಂಕಲ್ಪಶಕ್ತಿಯೇ ದೊಡ್ಡದು ಎನ್ನುತ್ತೀರಾ? ಅವಸರ ಬೇಡ. ನೀರಿಲ್ಲದಿರುವುದೂ ಒಂದು ಒತ್ತಡವೇ. ಅಲ್ಲದೆ ಅಲ್ಲಿ ಎಲ್ಲರೂ ಗಿರಣಿ ಹಾಕಲಾಗಲಿಲ್ಲ. ಹಳೆಯ ಕಟ್ಟು ಬಿಚ್ಚಿದಾಗ ಒಕ್ಕಲಿಗನಿಗೆ ಹೊಸ ದಾರಿ ಸಿಕ್ಕಿತು; ಆದಿ ಕರ್ನಾಟಕನಿಗೆ ವರ್ಷಕ್ಕಿಷ್ಟು ಎಂದು ಬರುತ್ತಿದ್ದ ಧಾನ್ಯವೂ ತಪ್ಪುವಂತಾಯಿತು. ಆಯ್ಕೆ ಮಾಡಲೂ ಕೈಯಲ್ಲಿ ಏನಾದರೂ ಇರಬೇಕಾಗುತ್ತದೆ. ಪರಿಸರ ಊರಿಗೆಲ್ಲ ಒಂದೇ ಎಂಬ ಮಾತನ್ನು ನಾನು ಒಪ್ಪಲಾರೆ.

ಆದರೂ, ಬದಲಾಗದ ವಂಗಲದಲ್ಲೇ ನಡೆದ ಒಂದು ಪ್ರಸಂಗವನ್ನು ಎಪ್‌ಸ್ಟೈನ್ ದಾಖಲಿಸಿದ್ದಾರೆ. ಅಲ್ಲಿನ ಆದಿ ಕರ್ನಾಟಕರು ಒಂದು ನಾಟಕವಾಡಿದರು. ನಾಟಕದಲ್ಲಿ ರಾಜನಿದ್ದ, ರಾಜನಿಗೆ ಸಿಂಹಾಸನ ಬೇಕಲ್ಲವೆ? ತಮ್ಮ ಆಳು ಮೇಲೆ ಕೂರುವುದು, ತಾವು ಕೆಳಗೆ ಕೂತು ನೋಡುವುದು ಒಕ್ಕಲಿಗರಿಗೆ ಅವಮಾನವೆನಿಸಿತು. ಅವರು ಕೆಲಸ ಕೊಡುವುದನ್ನೇ ನಿಲ್ಲಿಸಿದರು. ಸಿಂಹಾಸನ ಏರಿದವರ ಅನ್ನವಿದ್ದದ್ದು ಆ ಒಕ್ಕಲಿಗರ ಗದ್ದೆಗಳಲ್ಲೇ.