ಕೋಳಿಗೊಂದೇ ಕಂದನಕಾಯಿ

ಸದಸ್ಯ ಬಂಧುಗಳಲ್ಲಿ ಮಾಂಸಾಹಾರ ಮಾಡದವರು ಈ ಬರಹವನ್ನು ಮನ್ನಿಸಬೇಕು. ಕುಂದುರ್ಪಿ ಸೀಮೆಯ ಅಡುಗೆ ಮಾತುಗಳನ್ನು ಬರೆದಿಡುವಾಗ ಇದನ್ನು ಬಿಡುವಂತಿಲ್ಲ.

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳನ್ನು ಅರೆಯುವುದು ಹೊಟ್ಟೆಯೊಳಗಿನ ಒಂದು ಗಟ್ಟಿ ಚೀಲ. ಕೋಳಿ ಹೆಕ್ಕಿ ನುಂಗಿದ ಸಣ್ಣ ಕಲ್ಲುಗಳೇ ಅಲ್ಲಿ ಬೀಸುಕಲ್ಲಿನ ಕೆಲಸ ಮಾಡುತ್ತವೆ. ತೆಲುಗಿನ ಕಂದನಕಾಯ ಗಡಿಯ ನಮ್ಮ ಬಾಯಲ್ಲಿ ಕಂದನಕಾಯಿ. ಪುಸ್ತಕದ ಯಕೃತ್ತು ಅಡುಗೆಮನೆಯಲ್ಲಿ ಈಲಿ, ಹೃದಯ ಗುಂಡಿಗೆ, ಕುರಿಯ ಹೊಟ್ಟೆ ಕರುಳು ಬೋಟಿ.

ನಾವು ಹುಡುಗರಾಗಿದ್ದಾಗ ನೆಂಟರು ಬಂದರೆ ಮಾತ್ರ ಕೋಳಿ. ಕೋಳಿಗೆ ಕಂದನಕಾಯಿ ಒಂದೇ, ಮಕ್ಕಳು ಐದಾರು. ಒಲೆಯ ಕೆಂಡದಲ್ಲಿ ಸುಟ್ಟು, ಉಪ್ಪು ಸವರಿ, ಅಜ್ಜಿ ಚೂರು ಚೂರು ಮಾಡಿ ಹಂಚುತ್ತಿದ್ದರು. ಈಗ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಕೇಳುವ ಮಕ್ಕಳಿಲ್ಲ.

ಮಾಡುವ ಕ್ರಮ: ಕಂದನಕಾಯಿಯನ್ನು ಸೀಳಿ, ಕಲ್ಲು ಕಸ ತೆಗೆದು, ಒಳಗಿನ ಹಳದಿ ಪೊರೆಯನ್ನು ಸುಲಿಯಬೇಕು. ಉಪ್ಪು ಅರಿಶಿನ ಹಾಕಿ ಉಜ್ಜಿ ತೊಳೆದು, ಮೆತ್ತಗಾಗುವವರೆಗೆ ಬೇಯಿಸಿ, ಆಮೇಲೆ ಈರುಳ್ಳಿ, ಧನಿಯ, ಮೆಣಸಿನೊಡನೆ ಹುರಿಯಬೇಕು. ಈಲಿಗೆ ಅಂಟಿದ ಹಸಿರು ಪಿತ್ತದ ಚೀಲ ಒಡೆದರೆ ಸಾರೆಲ್ಲ ಕಹಿ. ಈಲಿ ಬೇಗ ಬೇಯುತ್ತದೆ, ಆದರೆ ಒಳಗೆ ಹಸಿ ಉಳಿಯಬಾರದು. ಬೋಟಿಯನ್ನು ಬಿಸಿನೀರಿನಲ್ಲಿ ಅದ್ದಿ, ಕೆರೆದು, ಹಲವು ಸಲ ತೊಳೆಯಬೇಕು. ಕಡಲೆಕಾಳು ಹಾಕಿದ ಬೋಟಿ ಗೊಜ್ಜಿಗೆ ರಾಗಿ ಮುದ್ದೆಯೇ ಜೋಡಿ.

ಇದು ಬಡವರ ಊಟವೆಂದು ಮೂಗು ಮುರಿಯುವವರಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ, ಈಲಿಯನ್ನು ಅಡಿಕೆ ಗಾತ್ರಕ್ಕೆ ಕತ್ತರಿಸಿ, ಕೆಂಡದಲ್ಲಿ ಸುಟ್ಟು, ಮಸಾಲೆಯಲ್ಲಿ ಹುರಿದು ಮೊಸರಿಗೆ ಹಾಕುವ ಕ್ರಮವಿದೆ. ಅದು ಅರಮನೆಯ ಅಡುಗೆ! ಹೊರದೇಶಗಳಲ್ಲೂ ಹೀಗೆಯೇ. ಜಪಾನಿನವರು ಕಂದನಕಾಯಿಗೆ ‘ಸುನಗಿಮೊ’, ಎಂದರೆ ಮರಳಿನ ಈಲಿ, ಎಂದು ಹೆಸರಿಟ್ಟು ಕಡ್ಡಿಗೆ ಚುಚ್ಚಿ ಸುಡುತ್ತಾರೆ. ಫ್ರಾನ್ಸಿನಲ್ಲಿ ಬಾತುಕೋಳಿಯದನ್ನು ಅದರ ಕೊಬ್ಬಿನಲ್ಲೇ ಬೇಯಿಸಿ ಹಸಿ ಸೊಪ್ಪಿನೊಡನೆ ಬಡಿಸುತ್ತಾರೆ. ಸ್ಕಾಟ್ಲೆಂಡಿನ ಹ್ಯಾಗಿಸ್ ಕುರಿಯ ಗುಂಡಿಗೆ, ಈಲಿ, ಶ್ವಾಸಕೋಶಗಳನ್ನು ಓಟ್ಸ್ ಜೊತೆ ಕುರಿಯ ಹೊಟ್ಟೆಯಲ್ಲೇ ತುಂಬಿ ಬೇಯಿಸಿದ್ದು. ಅದು ಅಲ್ಲಿನ ರಾಷ್ಟ್ರೀಯ ತಿನಿಸು.

ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. 100 ಗ್ರಾಂ ಕೋಳಿ ಈಲಿಯಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣಾಂಶವಿದೆ, ದುಬಾರಿ ಎದೆಮಾಂಸದಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಮಾಂಸ ತಿನ್ನುವ ಮನೆಗಳು ಅಗ್ಗದ್ದೆಂದು ಇದನ್ನು ಬಿಡುವುದು ಸರಿಯಲ್ಲ. ಆದರೆ ಈಲಿಯಲ್ಲಿ ‘ಎ’ ಜೀವಸತ್ವ ವಿಪರೀತ ಇರುವುದರಿಂದ ಗರ್ಭಿಣಿಯರು ವೈದ್ಯರನ್ನು ಕೇಳದೆ ತಿನ್ನಬಾರದು. ಗೌಟ್ ಕೀಲುನೋವಿನವರಿಗೆ ಇವೆಲ್ಲ ಹಿತವಲ್ಲ.

ಮೊಮ್ಮಕ್ಕಳು ಈಗ ಲಿವರ್, ಗಿಜರ್ಡ್ ಎನ್ನುತ್ತಾರೆ. ತಿನ್ನುವುದು ನಿಂತರೆ ಹೆಸರೂ ನಿಲ್ಲುತ್ತದೆ. ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಕುರಿ ಕೋಳಿಯ ಒಂದೊಂದು ಭಾಗಕ್ಕೂ ಅವರು ಹೇಳುವ ಹೆಸರನ್ನು ಊರಿನ ಹೆಸರಿನೊಡನೆ ಬರೆದು ಸಂಘಕ್ಕೆ ತಲುಪಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ