ಅಜ್ಜಿ ಎಲೆಕ್ಷನ್ನಿಗೆ ನಿಂತಿದ್ದಳು (ನಮ್ಮ ಹಿಂದಿನ ಕಥೆ, ಕಂತು 7)

ಮೊದಲನೇ ಫೋಟೋದಲ್ಲಿ ಇರೋದು ನಮ್ಮಜ್ಜಿ. ಕೈಯಲ್ಲಿ ಹಿಡಿದಿರೋ ಆ ಹಳದಿಗಟ್ಟಿದ ಕಾಗದ ಏನು ಅಂತ ಸ್ಟೋರಿಯಲ್ಲಿ ಕೇಳಿದ್ದೆ. ಪಹಣಿ ಅಂದ್ರಿ, ಮದುವೆ ಪತ್ರಿಕೆ ಅಂದ್ರಿ, ಒಬ್ಬ ಪುಣ್ಯಾತ್ಮ ಸಾಲದ ಪತ್ರ ಅಂದ. ಅದು 1987ರ ಒಂದು ಸಭೆಯ ನೋಟೀಸು. ಮಂಡಲ ಪಂಚಾಯ್ತಿ ಸದಸ್ಯರು ತಪ್ಪದೇ ಹಾಜರಾಗಬೇಕು ಅಂತ ಇದೆ. ಸದಸ್ಯೆ ನಮ್ಮಜ್ಜಿ.

ಮಂಡಲ ಪಂಚಾಯ್ತಿ ಅನ್ನೋ ಹೆಸರೇ ನಮ್ಮ ಕ್ಲಾಸಲ್ಲಿ ಅರ್ಧ ಜನ ಕೇಳಿರಲ್ಲ. ನಾನೂ ಕೇಳಿರಲಿಲ್ಲ. ನಮಗೆ ಪಾಠ ಇರೋದು 73ನೇ ತಿದ್ದುಪಡಿ, 1993, ಅಷ್ಟೇ. ಅದಕ್ಕೂ ಹತ್ತು ವರ್ಷ ಮುಂಚೆ ಕರ್ನಾಟಕದಲ್ಲಿ ಏನಾಯ್ತು ಅನ್ನೋದನ್ನ ಎರಡು ಅಂಕದ ಪ್ರಶ್ನೆಯಾಗಿಯೂ ಯಾರೂ ಕೇಳಲ್ಲ.

ಆಗಿದ್ದು ಇಷ್ಟು. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿದ್ದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಗೆ. ಬರಗಾಲದ ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದರಲ್ಲ, ಅವರೇ. ಅದೇ ವರ್ಷ ಅವರು ತಂದ ಕಾಯ್ದೆಯಲ್ಲಿ ಜಿಲ್ಲೆಗೊಂದು ಜಿಲ್ಲಾ ಪರಿಷತ್ತು, ಕೆಳಗೆ ಹಲವು ಊರು ಸೇರಿ ಒಂದು ಮಂಡಲ ಪಂಚಾಯ್ತಿ. ರಾಷ್ಟ್ರಪತಿ ಅಂಕಿತ ಬೀಳೋಕೆ 1985 ಆಯ್ತು, ಚುನಾವಣೆ ನಡೆದಾಗ 1987ರ ಜನವರಿ.

ಈ ಕಾಯ್ದೆಯ ಗಟ್ಟಿತನ ಎಲ್ಲಿತ್ತು ಅಂದ್ರೆ, ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಅಂತ ಒಬ್ಬ ಐಎಎಸ್ ಅಧಿಕಾರಿ, ಅದೂ ಡಿಸಿಗಿಂತ ಸೀನಿಯರ್. ಶಾಲೆ, ಆಸ್ಪತ್ರೆ, ಕುಡಿಯೋ ನೀರು ಎಲ್ಲ ಪರಿಷತ್ತಿಗೆ ಹೋಯ್ತು. ಎಂಎಲ್ಎಗಳಿಗೆ ಇದು ಹೇಗೆ ರುಚಿಸಿರುತ್ತೆ ಅಂತ ನೀವೇ ಊಹಿಸಿ.

ಇನ್ನೊಂದು ಮಾತು, ನಮ್ಮಜ್ಜಿಗೆ ಸಂಬಂಧಪಟ್ಟಿದ್ದು: ಹೆಂಗಸರಿಗೆ ಶೇ 25 ಸೀಟು ಮೀಸಲು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಅನ್ನೋ ನಿಯಮ ಬಂದಿದ್ದು ಆಮೇಲೆ. ರಾಜ್ಯದ ಮಂಡಲ ಪಂಚಾಯ್ತಿಗಳಲ್ಲಿ ಇದ್ದ ಸೀಟು ಸುಮಾರು 55 ಸಾವಿರ. ಅದರಲ್ಲಿ ಕಾಲು ಭಾಗ ಅಂದ್ರೆ ಲೆಕ್ಕ ಹಾಕಿ, ಹದಿಮೂರು ಹದಿನಾಲ್ಕು ಸಾವಿರ ಹೆಂಗಸರು. ಒಂದೇ ಸಲಕ್ಕೆ.

ಆದ್ರೆ ಅಜ್ಜಿ ತಾನಾಗೇ ನಿಂತಳು ಅಂದ್ಕೋಬೇಡಿ. ಊರಿನ ಮುಖಂಡರು ಮನೆಗೆ ಬಂದು ತಾತನನ್ನ ಕೇಳಿದ್ರಂತೆ, ‘ನಿಮ್ಮ ಮನೆಯವರ ಹೆಸರು ಹಾಕ್ತೀವಿ, ಲೇಡೀಸ್ ಸೀಟು ಬಂದದೆ’ ಅಂತ. ತಾತ ಹ್ಞೂಂ ಅಂದ್ರು. ಅಜ್ಜಿ ಆಗ ಒಳಗೆ ರಾಗಿ ಬೀಸ್ತಾ ಇದ್ದಳು. ಅವಳಿಗೆ ವಿಷಯ ಗೊತ್ತಾಗಿದ್ದು ರಾತ್ರಿ ಊಟಕ್ಕೆ ಬಡಿಸೋವಾಗ. ‘ನಂಗೇನು ಗೊತ್ತು ಮಗಾ, ಸೊಸೈಟಿ ಸಾಲಕ್ಕೆ ಸೈನು ಕೇಳ್ತಾವ್ರೆ ಅಂದ್ಕಂಡೆ’ ಅಂತಾಳೆ ಈಗ. ಸೈನು ಮಾಡೋದನ್ನೂ ಕಲೀಬೇಕಿತ್ತು. ಕ್ಯಾಲೆಂಡರ್ ಹಾಳೆಯ ಹಿಂದೆ ನಮ್ಮಪ್ಪನೇ ಬರೆದುಕೊಟ್ಟು ತಿದ್ದಿಸಿದ್ದು.

ಮೊದಲ ಮೂರು ಸಭೆಗೆ ತಾತನೇ ಹೋಗಿ ಕೂತು ಬಂದ್ರಂತೆ. ಇದನ್ನ ಮುಚ್ಚಿಡೋದು ಬೇಡ ಅಂತ ಅಜ್ಜಿನೇ ಹೇಳಿದ್ದಾಳೆ, ಅದಕ್ಕೆ ಬರೀತಿದ್ದೀನಿ. ನಾಲ್ಕನೇ ಸಭೆ ಹೊತ್ತಿಗೆ ತಾತನಿಗೆ ಜ್ವರ. ಅಜ್ಜಿ ಹೋದಳು, ಬಾಗಿಲ ಹತ್ತಿರ ಕೂತಳು. ನಮ್ಮ ಕೇರಿಯ ಬೋರಿನ ಹ್ಯಾಂಡಲ್ ಮುರಿದು ಎರಡು ತಿಂಗಳಾಗಿತ್ತು. ರಿಪೇರಿ ಆಗಿದೆ ಅಂತ ಕಾರ್ಯದರ್ಶಿ ಓದಿದಾಗ, ‘ಆಗಿಲ್ಲ, ಬೆಳಿಗ್ಗೆ ನಾನು ಕೆರೆಯಿಂದ ನೀರು ತಂದು ಬಂದಿವ್ನಿ’ ಅಂದಳಂತೆ. ಅಷ್ಟೇ ಮಾತು. ಮುಂದಿನ ಸಭೆಗೆ ತಾತ ಹೊರಟು ನಿಂತಾಗ ಇವಳೂ ಸೀರೆ ಬದಲಾಯಿಸಿ ಹೊರಟಳು. ಇಬ್ಬರೂ ಒಂದು ಮೈಲಿ ಮಾತಿಲ್ಲದೆ ನಡೆದರಂತೆ. ಪಂಚಾಯ್ತಿ ಬಾಗಿಲಲ್ಲಿ ತಾತ ಬೀಡಿ ಹಚ್ಚಿಕೊಂಡು ಹೊರಗೇ ನಿಂತರು.

ನಜೀರ್ ಸಾಬ್ 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಮೇಲಿನ ಕಥೆ ಬೇಗ ಮುಗಿಯುತ್ತೆ. ಸರ್ಕಾರ ಬದಲಾಯ್ತು, ಐದು ವರ್ಷದ ಅವಧಿ ಮುಗೀತು, ಹೊಸ ಚುನಾವಣೆ ಮಾಡೋ ಬದಲು ಆಡಳಿತಾಧಿಕಾರಿಗಳನ್ನ ಕೂರಿಸಿದ್ರು. ಅಜ್ಜಿಯ ನೋಟೀಸುಗಳು ನಿಂತವು.

ನಾವು ಬಾಯಿಪಾಠ ಮಾಡಿದ 73ನೇ ತಿದ್ದುಪಡಿ ಈ ಜಾಗಕ್ಕೇ ಮುಲಾಮು ಹಚ್ಚೋಕೆ ಬಂದಿದ್ದು ಅಂತ ನಂಗೆ ಈಗ ಅನ್ನಿಸುತ್ತೆ. 1993ರ ಏಪ್ರಿಲ್ 24ರಿಂದ ಅದು ಜಾರಿ. ಐದು ವರ್ಷ ಮುಗಿಯೋದ್ರೊಳಗೆ ಚುನಾವಣೆ ಆಗಲೇಬೇಕು, ನಡೆಸೋಕೆ ರಾಜ್ಯ ಚುನಾವಣಾ ಆಯೋಗ ಬೇರೆಯೇ ಇರಬೇಕು, ಮೂರನೇ ಒಂದು ಭಾಗ ಹೆಂಗಸರಿಗೆ. ಕರ್ನಾಟಕ ಮೇ ತಿಂಗಳಲ್ಲೇ ಹೊಸ ಕಾಯ್ದೆ ತಂತು, ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ನಡೆಸಿತು. ಗೆದ್ದವರಲ್ಲಿ ಶೇ 40ಕ್ಕೂ ಹೆಚ್ಚು ಹೆಂಗಸರು. ಅಂದ್ರೆ ಮೀಸಲಿಟ್ಟಿದ್ದಕ್ಕಿಂತ ಜಾಸ್ತಿ, ಗೊತ್ತಾಯ್ತಾ? 2010ರ ತಿದ್ದುಪಡಿಯಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತಾಯ್ತು.

ಈಗ ನಾಲ್ಕನೇ ಫೋಟೋಗೆ ಬನ್ನಿ. ಖಾಲಿ ಅರಳಿಕಟ್ಟೆ, ಅಲ್ವಾ? 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ಅಲ್ಲಿ ಒಂದು ಸಭೆ ಸೇರಿತ್ತು. ನಮ್ಮ ಚಿಕ್ಕಮ್ಮ ನಾಮಪತ್ರ ಹಾಕಿದ್ದರು. ಕಷ್ಟದ ಕೆಲಸ ಏನಲ್ಲ ಅದು. 21 ವರ್ಷ ತುಂಬಿರಬೇಕು, ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು, ಒಬ್ಬರು ಸೂಚಕರು ಬೇಕು. ಠೇವಣಿ ನೂರಿನ್ನೂರು ರೂಪಾಯಿ ಅಷ್ಟೇ, ನಮ್ಮ ಒಂದು ರೀಚಾರ್ಜಿಗಿಂತ ಕಡಿಮೆ. ಪಕ್ಷದ ಚಿಹ್ನೆ ಇಲ್ಲ. ಆಯೋಗದ ಪಟ್ಟಿಯಿಂದ ಒಂದು ಚಿಹ್ನೆ ಕೊಡ್ತಾರೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ, ಅಂದ್ರೆ ನೂರಾರು ಓಟಲ್ಲೇ ತೀರ್ಮಾನ. ಓಟು ಸಮ ಬಂದ್ರೆ ಚೀಟಿ ಎತ್ತೋದು.

ಕಟ್ಟೆ ಸಭೆಯಲ್ಲಿ ಆಗಿದ್ದೇ ಬೇರೆ. ಸೀಟು ಹರಾಜು. ದೇವಸ್ಥಾನದ ಕೆಲಸಕ್ಕೆ ಯಾರು ಜಾಸ್ತಿ ದುಡ್ಡು ಕೊಡ್ತಾರೋ ಅವರು ಅವಿರೋಧ, ಉಳಿದವರು ನಾಮಪತ್ರ ವಾಪಸ್. ನಮ್ಮೂರಿನದೊಂದೇ ಕಥೆ ಅಲ್ಲ, ಆ ಸಲ ರಾಜ್ಯದ ಬೇರೆ ಕಡೆಯೂ ಇಂಥ ಹರಾಜು ಸುದ್ದಿಯಾಯ್ತು, ಕ್ರಮ ತಗೋಳಿ ಅಂತ ಚುನಾವಣಾ ಆಯೋಗ ಅಧಿಕಾರಿಗಳಿಗೆ ಹೇಳಿತ್ತು. ಕೇಳೋಕೆ ಚೆನ್ನಾಗೇ ಇರುತ್ತೆ: ಜಗಳ ಇಲ್ಲ, ಖರ್ಚಿಲ್ಲ, ಗುಡಿಗೂ ಗೋಪುರ ಆಗುತ್ತೆ. ಆದ್ರೆ ಬೋರಿನ ಹ್ಯಾಂಡಲ್ ಮುರಿದಿದೆ ಅಂತ ಹೇಳೋಳು ಆ ಹರಾಜಿನಲ್ಲಿ ಎಷ್ಟು ಕೂಗ್ತಾಳೆ?

ಚಿಕ್ಕಮ್ಮ ವಾಪಸ್ ತಗೊಂಡರು. ಕೊನೇ ದಿನ, ಸಮಯ ಮುಗಿಯೋಕೆ ಮುಂಚೆ. ಚಿಕ್ಕಪ್ಪ ಅಂಗಡಿ ಇಟ್ಟಿರೋದು ಅದೇ ಊರಲ್ಲಿ, ಗಿರಾಕಿಗಳು ಅದೇ ಜನ. ನಾನು ಬೈಯಲ್ಲ. ಅಜ್ಜಿ ಮಾತ್ರ ಆ ವಾರ ಚಿಕ್ಕಮ್ಮನ ಕೈಲಿ ಕಾಫಿ ಇಸ್ಕೊಳ್ಳಲಿಲ್ಲ. ಆ ಮೇಲೆ ಇಸ್ಕೊಂಡಳು, ಸಕ್ಕರೆ ಕಮ್ಮಿ ಅಂದಳು, ಸರಿಹೋಯ್ತು.

ಇನ್ನೊಂದು ವಿಚಿತ್ರ ನೋಡಿ. ಐದು ವರ್ಷಕ್ಕೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನದಲ್ಲೇ ಬರೆದ ಮೇಲೂ, ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ವಿಂಗಡಣೆ. ಬೆಂಗಳೂರಿನ ಫ್ರೆಂಡ್ಸ್ ನಗಬೇಡಿ, ನಿಮ್ಮ ಪಾಲಿಕೆಗೆ 2015ರಲ್ಲಿ ಚುನಾವಣೆ ಆಗಿದ್ದು, 2020ಕ್ಕೆ ಕಾರ್ಪೊರೇಟರ್‌ಗಳ ಅವಧಿ ಮುಗೀತು, ಆಮೇಲೆ ನಿಮ್ಮದೂ ಇದೇ ಪಾಡು. 1992ರಲ್ಲಿ ಅಜ್ಜಿ ನೋಡಿದ ಆಡಳಿತಾಧಿಕಾರಿಯನ್ನ ನಾವೂ ನೋಡಿದ್ವಿ, ಹೆಸರು ಬೇರೆ ಅಷ್ಟೇ.

ನಂಗೆ ಹೋದ ತಿಂಗಳು 21 ತುಂಬಿತು. ನಿಲ್ಲಬೇಕು ಅಂತ ಮನಸ್ಸಿದೆ ಅಂತ ಅಜ್ಜಿಗೆ ಹೇಳಿದೆ. ಖುಷಿಯಿಂದ ತಬ್ಬಿಕೋತಾಳೆ, ಅದನ್ನ ರೀಲ್ ಮಾಡೋಣ ಅಂತ ಫೋನ್ ಬೇರೆ ರೆಡಿ ಇಟ್ಟಿದ್ದೆ. ಅವಳು ಅವರೆಕಾಯಿ ಬಿಡಿಸೋದು ನಿಲ್ಲಿಸದೆ ಕೇಳಿದಳು, ‘ಊರಿನ ಪಟ್ಟೀಲಿ ನಿನ್ನ ಹೆಸರೈತಾ?’

ಇಲ್ಲ. ಹದಿನೆಂಟಕ್ಕೇ ಸೇರಿಸಬೇಕಿತ್ತು, ಹಾಸ್ಟೆಲ್ ಓಡಾಟದಲ್ಲಿ ಬಿಟ್ಟುಬಿಟ್ಟಿದ್ದೆ. ಕೊನೇ ಫೋಟೋದಲ್ಲಿ ಇರೋದು ಫಾರಂ 6. ಅರ್ಧ ತುಂಬಿದ್ದೀನಿ, ವಿಳಾಸದ ದಾಖಲೆಗೆ ನಾಳೆ ಊರಿಗೆ ಹೋಗ್ತಿದ್ದೀನಿ. ಬೆಳಿಗ್ಗೆ ಆರೂವರೆ ಬಸ್ಸಿಗೆ. ಯಾರಾದ್ರೂ ಆ ಕಡೆ ಬರೋರಿದ್ರೆ ಮೆಸೇಜ್ ಮಾಡಿ, ನಿಮ್ಮ ಫಾರಮ್ಮೂ ತನ್ನಿ.